ಡ್ರೆಸ್ಸಿಂಗ್ ಮೊದಲು, ಇಂಜೆಕ್ಷನ್ ಆಮೇಲೆ

ಮಣ್ಣುಬಣ್ಣದ ಚಪ್ಪಲಿ, ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಏನೋ ಭಾರವಾದ್ದು ಬಿದ್ದಿರಬೇಕು, ಇದು ಡ್ರೆಸ್ಸರ್ ಚಿಮುಟಣ್ಣನ ಕಾಲು, ಇಪ್ಪತ್ತೆರಡು ವರ್ಷ ಈ ಮನುಷ್ಯನ ಜೊತೆ ಕೆಲಸ ಮಾಡಿಯೂ ಒಂದು ದಿನ ನೋಡದ ಕಾಲನ್ನು ಈಗ ನಾಲ್ಕು ದಿನದಿಂದ ಬಾಯಿಪಾಠ ಮಾಡುತ್ತಿದ್ದೇನೆ, ಬೇರೇನು ಕಾಣುತ್ತದೆ, ಬೋರಲು ಮಲಗಿದವನಿಗೆ ಲೋಕವೆಂದರೆ ನೆಲ, ನೆಲದ ಮೇಲೆ ಓಡಾಡುವ ಕಾಲು, ಮತ್ತೆ ಅಗೋ ಆ ಹತ್ತಿಯ ಉಂಡೆ, ಅರ್ಧ ಕೆಂಪು, ಫ್ಯಾನಿನ ಗಾಳಿಗೆ ಒಂದು ಸುತ್ತು ಉರುಳಿ ನಿಲ್ಲುತ್ತದೆ, ನನ್ನ ರಕ್ತವೋ ನನಗಿಂತ ಮುಂಚೆ ಈ ಟೇಬಲ್ಲಿನ ಮೇಲೆ ಮಲಗಿದ್ದವರದೋ, ರಕ್ತದ ಮೇಲೆ ವಿಳಾಸ ಬರೆದಿರುವುದಿಲ್ಲ. ಗಲ್ಲ ಟೇಬಲ್ಲಿನ ಅಂಚಿಗೆ, ಕಣ್ಣು ನೆಲಕ್ಕೆ, ಪೃಷ್ಠ ಆಕಾಶಕ್ಕೆ — ಈ ಆಸ್ಪತ್ರೆಯ ಹಿರಿಯ ಸರ್ಜನ್ ಸಾಹೇಬರು, ಸದಾ ತಲೆಯೆತ್ತಿ ನಡೆದವರು, ಇವತ್ತು ಎತ್ತಿರುವುದು ಬೇರೆ ಭಾಗ. ತೊಡೆಯ ಹಿಂದೆ ಒಂದು ಕುರು, ಕಡಲೆಕಾಳಿನಷ್ಟಿತ್ತು, ಎರಡು ವಾರದಲ್ಲಿ ಮುಷ್ಟಿಯಷ್ಟಾಯಿತು, ಬಂದುಹೋದವರಿಗೆಲ್ಲ ಸಕ್ಕರೆ ಪರೀಕ್ಷೆ ಬರೆದುಕೊಟ್ಟವನು ತಾನು ಮಾತ್ರ ಮಾಡಿಸಿಕೊಂಡಿರಲಿಲ್ಲ, ಮಾಡಿಸಿದರೆ ಮುನ್ನೂರ ಎಂಬತ್ತು, ನನ್ನ ಶಿಷ್ಯ ಗಿಳಿ — ಆ ಅಡ್ಡಹೆಸರು ಇಟ್ಟವನೂ ನಾನೇ, ಹೇಳಿಕೊಟ್ಟದ್ದನ್ನೆಲ್ಲ ಹಾಗೆಯೇ ಒಪ್ಪಿಸುತ್ತಾನೆಂದು — ಗಿಳಿ ನನಗೆ ಅರಿವಳಿಕೆ ಕೊಡಿಸಿ ಕೊಯ್ದು, ಕೀವು ತೆಗೆದು, ಆದ ಹಳ್ಳಕ್ಕೆ ಮೊಳಗಟ್ಟಲೆ ಗಾಜ್ ಪಟ್ಟಿ ತುರುಕಿದ, ಇನ್ನು ಮೇಲೆ ನಿಮ್ಮ ತೊಡೇನ ಕುರುಕ್ಷೇತ್ರ ಅಂತ ಕರೀತೀವಿ ಸಾರ್ ಅಂದ, ಭೇಷ್ ಅಂದೆ, ನನ್ನ ಶಿಷ್ಯ ಅಲ್ಲವೇ.

ಶುರು ಮಾಡ್ತೀನಿ ಸಾರ್, ಎಂದ ಚಿಮುಟಣ್ಣ, ಕೇಳಿದ್ದಲ್ಲ ತಿಳಿಸಿದ್ದು, ಟ್ರೇಯಲ್ಲಿ ಚಿಮುಟ ಟಕ್ ಎಂದಿತು, ಆ ಟಕ್ಕಿಗೇ ನನ್ನ ಬೆನ್ನಿನ ಕೂದಲು ನಿಂತಿತು, ಇಷ್ಟು ವರ್ಷ ಆ ಸದ್ದು ಕಿವಿಗೇ ಬಿದ್ದಿರಲಿಲ್ಲ, ಆಮೇಲೆ ಎಳೆದ — ಇದು ನೋವಲ್ಲ, ನೋವು ಎನ್ನುವುದು ನಾವು ಕೇಸ್ ಶೀಟಿನಲ್ಲಿ ಬರೆಯುವ ಪದ, ಇದು ಯಾರೋ ತೊಡೆಯೊಳಗೆ ಕೈಯಿಟ್ಟು ಗೋಡೆಯ ಸುಣ್ಣ ಕೆರೆದ ಹಾಗೆ, ಒಣಗಿದ ಪಟ್ಟಿ ಮಾಂಸಕ್ಕೆ ಹಲ್ಲು ನೆಟ್ಟು ಕೂತಿದೆ, ಬರುವುದಿಲ್ಲ ಎನ್ನುತ್ತದೆ, ಬಂದರೆ ನಿನ್ನದನ್ನೂ ಕಿತ್ತುಕೊಂಡೇ ಬರುತ್ತೇನೆ ಎನ್ನುತ್ತದೆ, ಬಾಯಲ್ಲಿ ಕಚ್ಚಿದ್ದ ಟವೆಲ್ ಎಲ್ಲಿ ಹೋಯಿತು, ಕೂಗಿದೆ, ಕೆಳಗೆ ಶುರುವಾಗಿ ಮೇಲೆ ಹೋಗಿ ನಡುವೆ ಒಡೆದು ಕೊನೆಗೆ ನಾಯಿಯ ಹಾಗೆ ಎರಡು ಸಲ ಕುಂಯ್ ಎಂದಿತು, ಮಿಮಿಕ್ರಿ ಮಾಡುವವನ ದರಿದ್ರ ಚಾಳಿ, ಪ್ರಾಣ ಹೋಗುವಾಗಲೂ ತನ್ನ ಧ್ವನಿಯ ಅಳತೆ ತೆಗೆಯುತ್ತಾನೆ. ಒದ್ದೆ. ಬಲಗಾಲು ತಾನಾಗಿ ಒದೆಯಿತು, ಟ್ರೇ ಹಾರಿ ಗೋಡೆಗೆ ಬಡಿಯಿತು, ಕಿಡ್ನಿ ಆಕಾರದ ಬಟ್ಟಲು ನೆಲದ ಮೇಲೆ ಗರಗರ ತಿರುಗಿತು, ಬಿಳಿ ಶೂ ಎರಡು ಓಡಿ ಬಂದವು, ದೊಡ್ಡ ಸಿಸ್ಟರ್, ಈ ವಾರ್ಡಿನ ರಾಣಿ, ನನ್ನ ಹಿಮ್ಮಡಿಯನ್ನು ಇಕ್ಕಳದ ಹಾಗೆ ಹಿಡಿದು, ಮೂಗಿನಲ್ಲಿ ಹುಟ್ಟಿ ಹಣೆಯಲ್ಲಿ ಮುಗಿಯುವ ಆ ದನಿಯಲ್ಲಿ, ಏನ್ ಸಾರ್ ಇದು, ಚಿಕ್ಕ ಮಕ್ಕಳ ಹಾಗೆ, ನೀವೇ ಹೀಗೆ ಮಾಡಿದ್ರೆ. ಕೊಲ್ಲಬೇಕು. ಚಿಮುಟಣ್ಣನ ಮಣಿಕಟ್ಟು ನನ್ನ ಕೈಗೆ ಸಿಕ್ಕಿದ್ದರೆ ಒಣಕಟ್ಟಿಗೆಯ ಹಾಗೆ ಮುರಿಯುತ್ತಿದ್ದೆ, ಮೂಳೆ ಯಾವ ಕೋನದಲ್ಲಿ ಮುರಿಯುತ್ತದೆಂದು ನನಗೆ ಗೊತ್ತು, ಪರೀಕ್ಷೆಯಲ್ಲಿ ಚಿನ್ನದ ಪದಕ ಬಂದಿತ್ತು. ಸಿಸ್ಟರ್, ಇಂಜೆಕ್ಷನ್ ಕೊಡಿ ಮೊದ್ಲು. ಆಮೇಲೆ ಸಾರ್. ಈಗ ಕೊಡಿ ಅಂದೆ. ಗೋಡೆ ಮೇಲೆ ಏನು ಬರೆದಿದೆ ಸಾರ್. ನೋಡಬೇಕಾಗಿಲ್ಲ, ನನ್ನ ಸಹಿ ನನಗೆ ಗೊತ್ತು, ಎರಡು ವರ್ಷದ ಹಿಂದೆ ಇಂಜೆಕ್ಷನ್ ಮಂಪರಿನಲ್ಲಿದ್ದ ಒಬ್ಬ ಮುದುಕ ಈ ಟೇಬಲ್ಲಿಂದ ಉರುಳಿ ಬಿದ್ದು ಸೊಂಟ ಮುರಿದುಕೊಂಡಾಗ ನಾನು ಟೈಪ್ ಮಾಡಿಸಿ ಅಂಟಿಸಿದ ಆದೇಶ, ಡ್ರೆಸ್ಸಿಂಗ್ ಮೊದಲು, ನೋವಿನ ಇಂಜೆಕ್ಷನ್ ಆಮೇಲೆ, ಅದರ ಅನುಕೂಲಗಳನ್ನು ಆಮೇಲೆ ಒಂದೊಂದಾಗಿ ಕಂಡುಕೊಂಡೆ, ಔಷಧಿ ಹತ್ತಲಿ ಎಂದು ಯಾರಿಗೂ ಇಪ್ಪತ್ತು ನಿಮಿಷ ಕಾಯಬೇಕಾಗಿಲ್ಲ, ಹನ್ನೊಂದು ಜನರ ಡ್ರೆಸ್ಸಿಂಗ್ ಹತ್ತೂವರೆಗೆ ಮುಗಿಯುತ್ತದೆ, ಹತ್ತೂವರೆಗೆ ಚಹಾ.

ಚಹಾ, ಹೌದು, ಗೋಡೆಯ ಆ ಕಡೆ ಡಾಕ್ಟರುಗಳ ಚಹಾ ಕೋಣೆ, ಗೋಡೆಯ ನೆತ್ತಿಯಲ್ಲಿ ಒಂದು ಗಾಳಿಕಿಂಡಿ, ಡ್ರೆಸ್ಸಿಂಗ್ ತಡವಾದ ದಿನ, ಅಂದರೆ ಹೆಚ್ಚುಕಮ್ಮಿ ದಿನಾ, ಈ ಕಡೆಯ ಕೂಗೆಲ್ಲ ಆ ಕಿಂಡಿಯಿಂದ ಇಳಿದು ನಮ್ಮ ಬಿಸ್ಕತ್ತಿನ ತಟ್ಟೆಗೆ ಬೀಳುತ್ತಿತ್ತು, ನಾನು ಅದನ್ನು ಎತ್ತಿಕೊಳ್ಳುತ್ತಿದ್ದೆ. ಕೇಳ್ರಪ್ಪ, ಇದು ಮೂರನೇ ಬೆಡ್ಡು, ಮುರಿದ ಹಾರ್ಮೋನಿಯಂ, ಇದು ಏಳನೇ ಬೆಡ್ಡು, ರಿವರ್ಸ್ ಹೋಗೋ ಲಾರಿ — ಬಿದ್ದು ಬಿದ್ದು ನಗುತ್ತಿದ್ದರು, ಗಿಳಿಗಂತೂ ಚಹಾ ಮೂಗಿಗೆ ಹತ್ತುತ್ತಿತ್ತು, ತಪ್ಪೇನು, ಇಡೀ ದಿನ ಕೊಯ್ಯುವವರಿಗೆ ಒಂದು ನಗು ಬೇಡವೇ, ಹಾಗೆಂದು ಹೆಂಡತಿಗೂ ಹೇಳಿದ್ದೆ, ಅವಳು ಬಟ್ಟೆ ಮಡಚುತ್ತ, ನಿಮಗೆ ಹಲ್ಲುನೋವು ಬಂದಾಗ ಮನೇಲಿ ಯಾರೂ ನಕ್ಕಿರ್ಲಿಲ್ಲ ಅಂದಳು. ಎಲ್ಲರಿಗಿಂತ ಹೆಚ್ಚು ನಗು ಬಂದದ್ದು ಆರನೇ ಬೆಡ್ಡಿಗೆ, ಲಾಂಡ್ರಿಯವಳು, ಹೋಟೆಲಿನ ಹಾಸಿಗೆಬಟ್ಟೆ ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಬಲಗೈ ಕೊಟ್ಟುಬಿಟ್ಟವಳು, ಕೊಟ್ಟಳೆಂದರೆ ಬೇಕೆಂದು ಕೊಟ್ಟಳೇ, ಸೆರಗಿನ ಚುಂಗು ಹೋಯಿತು, ಹಿಂದೆ ಬೆರಳು ಹೋಯಿತು, ಮಣಿಕಟ್ಟಿನವರೆಗೆ ಚರ್ಮ ಕೈಗವಸಿನ ಹಾಗೆ ಸುಲಿದುಬಂತು, ಹತ್ತು ದಿನವಾಯಿತು ಬಂದು. ಮೂರನೆಯ ದಿನ ಚಿಮುಟಣ್ಣನ ಭುಜಕ್ಕೆ ಕಚ್ಚಿದಳು, ಅಂಗಿಯ ಮೇಲೆ ಹಲ್ಲಿನ ಅರ್ಧಚಂದ್ರ ಮೂಡಿತು, ನಾನೇ ಹೋದೆ, ಅವಳ ಮೊಣಕೈಯನ್ನು ಬ್ಯಾಂಡೇಜಿನಿಂದ ಟೇಬಲ್ಲಿಗೆ ಬಿಗಿಸಿದೆ, ಇಬ್ಬರು ಭುಜ ಹಿಡಿದರು, ಒಬ್ಬರು ಕಾಲು, ಪಟ್ಟಿ ಒದ್ದೆ ಮಾಡ್ತಾ ಕೂತ್ರೆ ಮಧ್ಯಾಹ್ನ ಆಗುತ್ತೆ ಎಳಿ ಅಂದೆ, ನಾನೇ ಎಳೆದೆ, ಬೆರಳಿನಿಂದ ಬೆರಳಿಗೆ ಅಂಟಿದ್ದನ್ನು ಬಿಡಿಸುತ್ತ, ಆಗೇ ಹೋಯ್ತು ಆಗೇ ಹೋಯ್ತು ಅನ್ನುತ್ತ, ಅವಳ ಕಣ್ಣು ನನ್ನ ಮುಖದ ಮೇಲಿತ್ತು, ನನ್ನ ಕಣ್ಣು ಗಡಿಯಾರದ ಮೇಲಿತ್ತು, ಹತ್ತು ನಿಮಿಷದ ಮೇಲೆ ಚಹಾ ಕೋಣೆಯಲ್ಲಿ ಅವಳ ಕೂಗನ್ನು ಮಾಡಿ ತೋರಿಸಿದೆ, ಕೊನೆಯಲ್ಲಿ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನೂ ಸೇರಿಸಿದೆ, ಆ ಭಾಗಕ್ಕೇ ಚಪ್ಪಾಳೆ ಬಿದ್ದದ್ದು.

ಸ್ವಲ್ಪ ತಾಳಿ ಸಾರ್, ಟ್ರೇ ಹಾಳಾಯ್ತು, ಬೇರೆ ತರ್ತೀನಿ, ಎಂದು ಚಿಮುಟಣ್ಣನ ಕಪ್ಪು ಉಗುರು ಬಾಗಿಲಾಚೆ ಹೋಯಿತು, ತೊಡೆಯಿಂದ ಅರ್ಧ ಪಟ್ಟಿ ಬಾಲದ ಹಾಗೆ ಇಳಿಬಿದ್ದಿದೆ, ಫ್ಯಾನಿನ ಗಾಳಿಗೆ ಅದು ಅಲುಗಿದರೂ ಜೀವ ಕತ್ತಿನವರೆಗೆ ಬರುತ್ತದೆ, ಈ ನಾಲ್ಕು ದಿನದಲ್ಲಿ ಮೊದಲ ಸಲ ಕೋಣೆ ಸುಮ್ಮನಾಯಿತು, ಆಗ ಮೇಲಿನಿಂದ ಒಂದು ಕೂಗು ಬಂತು. ಕೆಳಗೆ ಶುರುವಾಗಿ ಮೇಲೆ ಹೋಗಿ ನಡುವೆ ಒಡೆದು ಕೊನೆಗೆ ಕುಂಯ್ ಕುಂಯ್. ನನ್ನದು. ನನ್ನ ಬಾಯಿ ಮುಚ್ಚಿತ್ತು, ನನ್ನ ಕೂಗು ಕಿಂಡಿಯಿಂದ ಬರುತ್ತಿತ್ತು, ಹಿಂದೆಯೇ ಸಿಸ್ಟರ್ ಇಂಜೆಕ್ಷನ್ ಕೊಡಿ ಮೊದ್ಲು ಎಂಬ ಗೋಗರೆತ, ಅಷ್ಟೂ ನಡುಕ, ಅಷ್ಟೂ ಜೊಲ್ಲು, ಹಿಂದೆಯೇ ನಗು, ಮೇಜು ಬಡಿಯುವ ಸದ್ದು, ಕಪ್ಪು-ಬಸಿಗಳ ಕಿಣಿಕಿಣಿ. ಗಿಳಿ. ಬೋಳಿಮಗನೇ, ನಿನ್ನ ನಾಲಿಗೆಯನ್ನು ಬುಡದಿಂದ ಹಿಡಿದು ಎಳೆದು ಗಾಜ್ ಪಟ್ಟಿಯ ಹಾಗೆ ಇಂಚು ಇಂಚಾಗಿ ಹೊರಗೆ ತೆಗೆಯುತ್ತೇನೆ, ಒಣಗಿದ ಮೇಲೆ ತೆಗೆಯುತ್ತೇನೆ, ನಿನ್ನ ತಲೆಯನ್ನು ಆ ಚಹಾದ ಕೆಟಲಿನೊಳಗೆ ತುರುಕಿ ಮುಚ್ಚಳ ಮುಚ್ಚಿ ಮೇಲೆ ಕೂರುತ್ತೇನೆ — ಕೂರುವುದಕ್ಕಾದರೆ — ನಾನು ಹೇಳಿಕೊಟ್ಟದ್ದು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಒಡೆಯಬೇಕು, ಎಲ್ಲಾ ನಾನೇ ಹೇಳಿಕೊಟ್ಟದ್ದು, ಮುಷ್ಟಿ ಬಿಗಿದು ಟೇಬಲ್ಲಿಗೆ ಗುದ್ದಿದೆ, ಗುದ್ದಿದ್ದು ತೊಡೆಗೆ ಕೇಳಿಸಿತು, ತೊಡೆ ವಾಪಸ್ಸು ಗುದ್ದಿತು, ಆ ಗುದ್ದಿನ ನಡುವೆ ತಣ್ಣಗೆ ಒಂದು ವಿಷಯ ಹೊಳೆಯಿತು, ಕಿಂಡಿ ಎಂದರೆ ಎರಡೂ ಕಡೆ ತೆರೆದ ತೂತು. ಆ ಕಡೆಯಿಂದ ಈ ಕಡೆ ಕೇಳಿಸುತ್ತದೆ. ಇಪ್ಪತ್ತೆರಡು ವರ್ಷ. ಈ ಟೇಬಲ್ಲಿನ ಮೇಲೆ ಮಲಗಿದ ಒಬ್ಬೊಬ್ಬರೂ, ಹಾರ್ಮೋನಿಯಂ, ಲಾರಿ, ಎಲ್ಲರೂ, ನೋವು ಇನ್ನೂ ಇಳಿಯುವ ಮುಂಚೆಯೇ ತಮ್ಮ ಕೂಗನ್ನು ನನ್ನ ಬಾಯಿಂದ ಕೇಳಿಸಿಕೊಂಡಿದ್ದಾರೆ, ಮಾರನೆಯ ದಿನ ರೌಂಡ್ಸಿಗೆ ಹೋದರೆ ಕೈಮುಗಿದಿದ್ದಾರೆ.

ಚೆನ್ನಾಗ್ ಮಾಡ್ತಾರೆ ಸಾರ್ ಆ ಹುಡುಗ ಡಾಕ್ಟರು, ಎಂದಿತು ಪರದೆಯ ಆಚೆಯ ದನಿ, ಎರಡು ಟೇಬಲ್ಲುಗಳ ನಡುವೆ ಒಂದು ಹಸಿರು ಪರದೆ, ನೆಲದಿಂದ ಗೇಣುದ್ದ ಮೇಲೇ ನಿಂತಿದೆ, ಕೆಳಗೆ ಸ್ಟೂಲಿನ ಕಾಲು, ಹೆಂಗಸಿನ ಎರಡು ಬರಿಗಾಲು, ಪಕ್ಕದಲ್ಲಿ ಗಂಡಸಿನ ಬೂಟು. ಲಾಂಡ್ರಿಯವಳು, ನನ್ನ ನಂತರ ಅವಳ ಸರದಿ. ನಿಮಗೆ ಇದು ಕೇಳಿಸ್ತಿತ್ತಾ ಅಂದೆ, ನೆಲಕ್ಕೆ ಅಂದೆ. ದಿನಾ ಕೇಳಿಸುತ್ತೆ. ನಾನು ಮಾಡ್ತಿದ್ದದ್ದೂನಾ, ಅಂದೆ. ನಿಮ್ಮದೇ ಸಾರ್, ನೀವು ಚೆನ್ನಾಗೇ ಮಾಡ್ತಿದ್ರಿ, ಒಂದು ಮಾತ್ರ ತಪ್ಪು, ಕೊನೇಲಿ ಅಳ್ತಿದ್ರಲ್ಲ, ನಾನು ಅತ್ತಿಲ್ಲ, ಕೂಗಿದೀನಿ, ಕಚ್ಚಿದೀನಿ, ಅತ್ತಿಲ್ಲ ಸಾರ್, ಒಂದು ದಿನಾನೂ. ಕ್ಷಮಿಸಿ ಎಂಬ ಪದ ಬಾಯಿಗೆ ಬಂತು, ಪೃಷ್ಠ ಮೇಲೆ ಮಾಡಿಕೊಂಡು ಹೇಳುವ ಮಾತಲ್ಲ ಅದು, ನುಂಗಿದೆ, ಇವತ್ತು ಕೈ ಹೇಗಿದೆ ಎಂದೆ ಡಾಕ್ಟರ್ ದನಿಯಲ್ಲಿ, ಆ ದನಿಗೂ ಇವತ್ತು ಪ್ಯಾಂಟು ಇರಲಿಲ್ಲ. ಇವತ್ತಿಗೆ ಮುಗೀತು ಸಾರ್, ಕಟ್ಟಿಸಿಕೊಂಡು ಹೋಗ್ತೀನಿ, ನನ್ನಿಷ್ಟದಿಂದ್ಲೇ ಬಿಟ್ಟುಹೋಗ್ತಿದೀನಿ ಅನ್ನೋ ಚೀಟಿಗೆ ಹೆಬ್ಬೆಟ್ಟು ಒತ್ತಿದೀನಿ, ನಮ್ಮಣ್ಣ ಬಂದಿದಾನೆ. ಬೂಟು ಅಲುಗಿತು, ಅಣ್ಣನ ದನಿ, ನಾನೂ ಹೇಳ್ದೆ ಸಾರ್, ಇನ್ನು ಹನ್ನೆರಡು ದಿನ ಅಂತೆ ಇರು ಅಂತ, ಕೇಳಲ್ಲ, ಬೆಳಗಾದ್ರೆ ನಡುಗ್ತಾಳೆ, ನಿನ್ನೆ ಊಟದ ತಟ್ಟೇಲಿ ಚಮಚ ಟಕ್ ಅಂದ್ರೆ ವಾಂತಿ ಮಾಡ್ಕೊಂಡ್ಳು. ಹೋಗಬೇಡಮ್ಮ ಅಂದೆ, ಹನ್ನೆರಡು ದಿನ ಬೆರಳುಗಳ ನಡುವೆ ಪಟ್ಟಿ ಇಟ್ಟು ಕಟ್ಟದಿದ್ರೆ ಬೆರಳೆಲ್ಲ ಕೂಡ್ಕೊಂಡುಬಿಡುತ್ತೆ. ಬಾತುಕೋಳಿ ಪಾದ ಅಂದಿದ್ರಿ ಸಾರ್, ನೆನಪಿದೆ, ಆಗಲಿ, ಬಾತುಕೋಳಿನೂ ಬದುಕುತ್ತೆ. ಅಣ್ಣ ನಗಲಿಲ್ಲ. ಆ ಕೈಯಲ್ಲೇ ಕೆಲಸ ಸಾರ್ ಅವಳದು, ಎಂದ ಮೆಲ್ಲಗೆ, ಅವನ ಕೈ ಹೆಗಲಿನ ಚೀಲದ ಮೇಲಿದ್ದಿರಬೇಕು, ಅದರ ಬಕಲ್ ಕಿರ್ ಎಂದಿತು. ಆಗಲೇ ಚಿಮುಟಣ್ಣ ಹೊಸ ಟ್ರೇ ತಂದಿಟ್ಟ, ಟಕ್, ಪರದೆಯ ಕೆಳಗೆ ಅವಳ ಎರಡೂ ಪಾದಗಳ ಬೆರಳು ಒಮ್ಮೆಗೇ ಮುದುಡಿಕೊಂಡು ನೆಲವನ್ನು ಹಿಡಿದವು, ಬೆರಳ ಗೆಣ್ಣು ಬೆಳ್ಳಗಾಗುವಷ್ಟು, ನುಣ್ಣನೆಯ ನೆಲದಲ್ಲಿ ಹಿಡಿಯಲು ಏನಿದೆ, ಆದರೂ ಹಿಡಿದವು, ಮುಖವನ್ನು ಇಷ್ಟು ದಿನ ನೋಡಿದ್ದೆ, ಇದನ್ನು ನೋಡಿರಲಿಲ್ಲ.

ಸಿಸ್ಟರ್, ಆ ಯಮ್ಮನಿಗೆ ಇಂಜೆಕ್ಷನ್ ಮೊದಲು ಕೊಡಿ, ಇಪ್ಪತ್ತು ನಿಮಿಷ ಬಿಟ್ಟು ಡ್ರೆಸ್ಸಿಂಗ್. ಆದೇಶ ಸಾರ್. ಆದೇಶ ನನ್ನದೇ, ನಾನೇ ತೆಗೀತಿದೀನಿ. ನೀವು ರಜೆಯಲ್ಲಿದೀರಿ ಸಾರ್, ರಜೆಯಲ್ಲಿರೋರು ಪೇಷಂಟು, ಪೇಷಂಟು ಸಹಿ ಮಾಡೋದು ಒಪ್ಪಿಗೆ ಪತ್ರಕ್ಕೆ ಮಾತ್ರ, ಈಗ ವಾರ್ಡು ಚಿಕ್ಕ ಡಾಕ್ಟರದು. ಗಿಳಿಯದು. ಕರೀರಿ ಅವನನ್ನ. ಚಹಾ ಕುಡೀತಿದಾರೆ ಸಾರ್, ಚಹಾ ಟೈಮಲ್ಲಿ ಕರೀಬೇಡಿ ಅಂತ ನೀವೇ. ಎಲ್ಲಾ ನಾನೇ. ಈ ಕಟ್ಟಡದ ಒಂದೊಂದು ಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿ ಹೊರಗೆ ಮಲಗಿದ್ದೇನೆ. ಕತ್ತು ಎತ್ತಿದೆ, ಕಿಂಡಿ ಕಾಣುವುದಿಲ್ಲ, ಇರಲಿ, ಅದು ಇದೆಯಲ್ಲ, ಗಂಟಲು ಕೆರೆದುಕೊಂಡೆ — ದೊಡ್ಡ ಸಾಹೇಬರು, ಆಸ್ಪತ್ರೆಯ ಮುಖ್ಯಸ್ಥರು, ಯಾವ ಮಾತಿಗೂ ಮುಂಚೆ ಎರಡು ಸಲ ಕೆಮ್ಮುವವರು, ಪ್ರತಿ ಮಾತನ್ನೂ ಕೊನೆಯಲ್ಲಿ ಕಚ್ಚಿ ತುಂಡರಿಸುವವರು, ಅವರ ದನಿ ನನ್ನ ಅತ್ಯುತ್ತಮ ಕೆಲಸ — ಹ್ಹುಂ ಹ್ಹುಂ, ಯಾರ್ರೀ ಅದು ಚಹಾ ಕೋಣೇಲಿ, ಯಾರು ನಾಯಿ ಥರ ಕುಂಯ್‌ಗುಟ್ತಿರೋದು, ಡ್ರೆಸ್ಸಿಂಗ್ ರೂಮಿಗೆ ಬನ್ರೀ, ಈಗ್ಲೇ. ಗೋಡೆಯ ಆ ಕಡೆ ಒಂದು ಬಸಿ ಬಿದ್ದು ಒಡೆಯಿತು. ಓಡಿ ಬಂದವು ಎರಡು ಶೂ, ಒಂದರ ಲೇಸು ಬಿಚ್ಚಿದೆ, ತುದಿಗೆ ಚಹಾ, ಸಾರ್ ದೊಡ್ಡ ಸಾಹೇಬ್ರು ಎಲ್ಲಿ ಸಾರ್, ಏದುಸಿರು, ಇಲ್ಲೇ ಇದಾರೆ ಅಂದೆ, ಬೋರಲು ಮಲಗಿದಾರೆ, ಹ್ಹುಂ ಹ್ಹುಂ. ಶೂ ಅಲ್ಲೇ ಅಂಟಿಕೊಂಡವು. ಅವನ ಲೇಸು ಕೈಗೆಟುಕುವಷ್ಟು ಹತ್ತಿರ, ಹಿಡಿದು ಜಗ್ಗಿದರೆ ಬಿದ್ದು ಹಲ್ಲು ಮುರಿಯುತ್ತಾನೆ, ಕೈ ಹೋಯಿತು ಕೂಡ, ಲೇಸು ಬೆರಳಿಗೆ ಸುತ್ತಿಕೊಂಡೆ, ಇದೇ ಕೈಯಲ್ಲಿ ಇಪ್ಪತ್ತೆರಡು ವರ್ಷ ಚಹಾ ಹಿಡಿದು ನಗಿಸಿದ್ದೆ, ಬಿಟ್ಟೆ. ಇಲ್ಲಿ ಕೇಳೋ, ನನ್ನದು ಚೆನ್ನಾಗಿ ಮಾಡ್ದೆ, ಕುಂಯ್ ಒಂದು ಸಲ ಜಾಸ್ತಿ ಆಯ್ತು ಅಷ್ಟೆ, ಈಗ ಆ ಗೋಡೆ ಮೇಲಿರೋದನ್ನ ಕಿತ್ತು ಅದರ ಹಿಂಬದೀಲಿ ಬರಿ, ಇಂಜೆಕ್ಷನ್ ಮೊದಲು, ಡ್ರೆಸ್ಸಿಂಗ್ ಆಮೇಲೆ, ಮಂಪರಿನವರ ಪಕ್ಕ ಒಬ್ಬರು ಹಿಡಿದುಕೊಂಡು ನಿಂತಿರಬೇಕು, ಸಹಿ ಹಾಕು. ನಿಮ್ಮ ಆರ್ಡರು ಸಾರ್ ಅದು. ಅದಕ್ಕೇ ಕೀಳು ಅಂತಿರೋದು. ಕಾಗದ ಹರಿಯದ ಹಾಗೆ ಟೇಪು ಕೀಳುವ ಸದ್ದು, ನಿಧಾನವಾಗಿ, ಮೂಲೆಯಿಂದ ಮೂಲೆಗೆ, ನೋಡು, ಕಾಗದವನ್ನು ಎಷ್ಟು ಮೆಲ್ಲಗೆ ಬಿಡಿಸುತ್ತಾನೆ ಗಿಳಿ.

ಬಿಳಿ ಶೂ ಪರದೆಯ ಆಚೆ ಹೋಯಿತು, ಅಣ್ಣಾವ್ರೇ ಇವರ ಭುಜ ಬಿಡಬೇಡಿ, ಸ್ಪಿರಿಟ್ ವಾಸನೆ, ಸೂಜಿ, ಅಷ್ಟೆ. ನನಗೂ ಸಿಸ್ಟರ್, ಎಂದೆ, ಎಷ್ಟು ಸಣ್ಣ ದನಿ. ನಿಮ್ದು ಅರ್ಧ ಆಗಿದೆ ಸಾರ್, ಅರ್ಧ ಆದ್ಮೇಲೆ ಮೊದಲು ಹೇಗಾಗುತ್ತೆ. ಈ ಹೆಂಗಸು ಕಾನೂನು ಓದಬೇಕಿತ್ತು. ಇವರಿಗೆ ಹತ್ತೋದ್ರೊಳಗೆ ನಿಮ್ದು ಮುಗಿಸ್ತೀನಿ ಸಾರ್, ಎಂದು ಚಿಮುಟಣ್ಣ ಬಾಲ ಹಿಡಿದ, ಒದ್ದೆ ಮಾಡು ಮೊದ್ಲು, ಒದ್ದೆ ಮಾಡೋ ಎಂದೆ, ಉಪ್ಪುನೀರು ಸುರಿದ, ತಣ್ಣಗೆ, ಆಮೇಲೆ ಬೆಂಕಿ, ಎಳೆದ, ಮಂಡಿಯ ಹಿಂದಿನ ನರದಿಂದ ಹಲ್ಲಿನ ಬುಡದವರೆಗೆ ಒಂದೇ ತಂತಿ, ಅದನ್ನು ಯಾರೋ ಮೀಟುತ್ತಿದ್ದಾರೆ, ಗಲ್ಲ ಟೇಬಲ್ಲಿಗೆ ಬಡಿದು ನಾಲಿಗೆ ಕಚ್ಚಿ ಬಾಯಿ ತುಂಬ ಕಬ್ಬಿಣದ ರುಚಿ, ನೆಲದ ಮೇಲೆ ನನ್ನದೇ ಒಂದು ಕೆಂಪು ಹನಿ, ಇನ್ನೊಂದು, ಬಿಡೋ ಬಿಡೋ ಕೊಲೆಗಡುಕ — ಆಗ ಪರದೆಯ ಆಚೆಯಿಂದ, ಮಂಪರು ಹತ್ತುತ್ತಿರುವ ನಾಲಿಗೆಯಲ್ಲಿ, ಆದರೆ ನನ್ನದೇ ದನಿ, ನನ್ನದೇ ಆ ಜಂಬದ ಜೇನು, ಆಗೇ ಹೋಯ್ತು, ಆಗೇ ಹೋಯ್ತು, ಎಲ್ಲಿ, ಏನೂ ಆಗಿಲ್ಲ, ಒಳ್ಳೇ ಹುಡುಗ. ಮೊದಲು ಸಿಸ್ಟರ್ ಮೂಗಿನಲ್ಲಿ ನಕ್ಕಳು, ಗಿಳಿ ನಗಬೇಕೋ ಬಾರದೋ ತಿಳಿಯದೆ ಕೆಮ್ಮಿದ, ಅಣ್ಣ ಏಯ್ ಸುಮ್ನಿರೇ ಡಾಕ್ಟ್ರು ಅಂದ, ಆಮೇಲೆ ನನ್ನ ಹೊಟ್ಟೆಯಿಂದ ಅದು ಎದ್ದು ಬಂತು, ಎಲ್ಲರಿಗಿಂತ ಜೋರು, ಗೋಡೆಗೆ ಬಡಿದು ಕಿಂಡಿಯಿಂದ ಆಚೆ ಹೋಗುವಷ್ಟು, ನಕ್ಕರೆ ತೊಡೆ ಸೆಳೆಯುತ್ತದೆ, ಸೆಳೆದರೆ ಕೂಗು, ಕೂಗಿದರೆ ಮತ್ತೆ ನಗು, ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ, ಅವಳು ಇನ್ನೊಮ್ಮೆ ಆಗೇ ಹೋಯ್ತು ಅಂದಳು, ಪಟ್ಟಿಯ ಕೊನೆ ಪಟ್ಟನೆ ಹೊರಗೆ ಬಂತು, ನಗುತ್ತಲೇ ಇದ್ದೆ, ಮೂಗಿನಿಂದ ನೀರು, ಬಾಯಿಂದ ರಕ್ತ.

ಹೊಸ ಪಟ್ಟಿ ಇಟ್ಟು ಕಟ್ಟಿ, ತಳ್ಳಿಕೊಂಡು ಹೋಗ್ಲಾ ಸಾರ್ ವಾರ್ಡಿಗೆ ಎಂದ ಚಿಮುಟಣ್ಣ, ಬೇಡ, ಇಲ್ಲೇ ಇರ್ತೀನಿ ಎಂದೆ. ಇಪ್ಪತ್ತು ನಿಮಿಷ ಎಂದರೆ ಇಷ್ಟು ಉದ್ದವೇ, ಎಲ್ಲರನ್ನೂ ಈ ಕಾಯುವುದರಿಂದ ಪಾರುಮಾಡಿದೆ ಎಂದುಕೊಂಡಿದ್ದೆನಲ್ಲ, ಮಣ್ಣುಬಣ್ಣದ ಚಪ್ಪಲಿ ಪರದೆಯ ಆಚೆ ಹೋದವು, ನೀರು ಸುರಿಯುವ ಸದ್ದು, ಬಹಳ ಹೊತ್ತು ಸುರಿದ, ಒಂದು ಬೆರಳು ಆಯ್ತಮ್ಮ, ಕೂಗಿಲ್ಲ, ಕಿವಿಯನ್ನು ಕೂಗಿಗೆ ತೆರೆದಿಟ್ಟುಕೊಂಡು ಕಾದೆ, ಎರಡು ಬೆರಳು, ಕೂಗಿಲ್ಲ, ನೋಯ್ತಿದೆಯಾಮ್ಮ, ಯಾರದೋ ಕೈ ಥರ ಇದೆ ಎಂದಳು ತೊದಲುತ್ತ, ಮೂರು. ಅಣ್ಣಾ, ಆ ಚೀಲ ಕೆಳಗಿಡೋ, ಎಷ್ಟು ಹೊತ್ತು ಹೊತ್ಕೊಂಡಿರ್ತೀಯ, ನಾಳೆ ಇದೇ ಟೈಮಿಗೆ ಬಾ, ಆ ಚೀಟಿ ಇವರಿಗೇ ವಾಪಸ್ ಕೊಡು. ಬೂಟುಗಳ ಪಕ್ಕ ಒಂದು ಬಟ್ಟೆ ಚೀಲ ಬಂದು ಕುಳಿತಿತು, ಮೆತ್ತಗೆ, ಸದ್ದಿಲ್ಲದೆ. ಗೆದ್ದೆ ಎನ್ನಿಸಬೇಕಿತ್ತು, ಐದು ಬೆರಳು, ಹನ್ನೆರಡು ದಿನ, ಲಾಂಡ್ರಿ, ಎನ್ನಿಸಲು ಶುರುವಾಗಿತ್ತು ಕೂಡ, ಚಿಮುಟಣ್ಣ ಚಿಮುಟ ಬದಲಿಸಿದ, ಟಕ್, ಪರದೆಯ ಕೆಳಗೆ ಅವಳ ಕಾಲ್ಬೆರಳು. ಕೈ ಮರಗಟ್ಟಿದೆ, ಬಾಯಿ ತೊದಲುತ್ತಿದೆ, ನೋವಿಲ್ಲ ಎಂದು ಅವಳೇ ಹೇಳಿದಳು, ಔಷಧಿ ತಲೆಯವರೆಗೂ ಹೋಗಿದೆ, ಕಾಲ್ಬೆರಳಿಗೆ ಯಾರೂ ಹೇಳಿಲ್ಲ. ನಾಲ್ಕು ಬೆರಳು ಆಯ್ತಮ್ಮ. ಹತ್ತೂ ಮುದುಡಿಕೊಂಡಿವೆ, ನೆಲವನ್ನು ಹಿಡಿದಿವೆ, ಗೆಣ್ಣು ಬೆಳ್ಳಗೆ. ಅವು ಸಡಿಲಾಗಲೆಂದು ಕಾಯುತ್ತೇನೆ. ಚಪ್ಪಲಿ ಹಿಂದೆ ಸರಿಯಿತು, ಆಯ್ತು ಎಂದ, ಕಟ್ಟು ಕಟ್ಟುವ ಸದ್ದು, ಸಿಸ್ಟರ್ ಕತ್ತರಿ, ಕಾಯುತ್ತೇನೆ, ಕಾಲ್ಬೆರಳು, ಬೆಳ್ಳಗೆ, ಇನ್ನೂ ಹಿಡಿದೇ ಇವೆ.